ಕೂಡಿದರೆ ತೊಂಬತ್ತೊಂಬತ್ತು

ಹೆಂಡತಿ: ರೀ, ಮೈಲಿಗಲ್ಲು ನೋಡೋದು ಬಿಟ್ಟು ರಸ್ತೆ ನೋಡ್ರೀ!

ಮೇಷ್ಟ್ರು: ನೋಡ್ತಾನೇ ಇದೀನಿ ಕಣೇ. ನೀನೊಂದ್ಸಲ ತಲೆ ಎತ್ತು. ಪೇಟೆಗೆ ನಲವತ್ತೈದು, ಬೆಟ್ಟಕ್ಕೆ ಐವತ್ತನಾಲ್ಕು. ಒಂದನ್ನ ತಿರುಗಿಸಿದ್ರೆ ಇನ್ನೊಂದು!

ಹೆಂಡತಿ: ನನಗೆ ತಲೇನೇ ತಿರುಗ್ತಿದೆ.

ಸ್ಟೀರಿಂಗ್ ಹಿಡಿದಿರುವ ಈ ಮಹಾನುಭಾವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಪಕ್ಕದಲ್ಲಿರುವ ಹೆಂಡತಿ, ಮಕ್ಕಳಿಗಾಗಿ ಬಿಟ್ಟಿದ್ದ ನರ್ಸ್ ಕೆಲಸವನ್ನು ಮತ್ತೆ ಹಿಡಿಯಲು ಹೊರಟವಳು. ಹನ್ನೊಂದಕ್ಕೆ ಪೇಟೆಯ ಆಸ್ಪತ್ರೆಯಲ್ಲಿ ಇಂಟರ್ವ್ಯೂ. ಇದು ತಪ್ಪಿದರೆ ಈ ವಯಸ್ಸಿನಲ್ಲಿ ಇನ್ನೊಬ್ಬರು ಕೆಲಸಕ್ಕೆ ಕರೆಯುವುದಿಲ್ಲ ಎಂಬ ಭಯಕ್ಕೆ ಮಡಿಲಿನ ಪುಸ್ತಕದಿಂದ ಕಣ್ಣೇ ಎತ್ತುತ್ತಿಲ್ಲ.

ಮೇಷ್ಟ್ರು: ಬಂತು ಮುಂದಿನ ಕಲ್ಲು! ಪೇಟೆಗೆ ನಲವತ್ತಾರು, ಬೆಟ್ಟಕ್ಕೆ ಐವತ್ತಮೂರು. ಕೂಡು!

ಹೆಂಡತಿ: ನೀವೇ ಕೂಡ್ಕೊಳ್ಳಿ. ನಾನು ಬಿಪಿ ಬಗ್ಗೆ ಓದ್ತಿದೀನಿ, ನನ್ನ ಬಿಪಿ ಏರಿಸ್ಬೇಡಿ.

ಮೇಷ್ಟ್ರು: ತೊಂಬತ್ತೊಂಬತ್ತು! ಆಗ್ಲೂ ತೊಂಬತ್ತೊಂಬತ್ತು! ಇದು ಯಾರ ಕಣ್ಣಿಗಾದ್ರೂ ಬಿದ್ದಿತ್ತಾ?

ಹೆಂಡತಿ: ಎರಡೂರಿನ ಮಧ್ಯೆ ರಸ್ತೆ ಅಷ್ಟುದ್ದ ಇದೆ ಅಂತ ಅರ್ಥ. ಕಂಟ್ರಾಕ್ಟರಿಗೆ ಗೊತ್ತು, ಕಲ್ಲಿಗೆ ಬಣ್ಣ ಬಳಿದವನಿಗೂ ಗೊತ್ತು. ಇವತ್ತು ಜ್ಞಾನೋದಯ ಆಗಿದ್ದು ನಿಮಗೊಬ್ಬರಿಗೇ.

ಮೇಷ್ಟ್ರು: ಥತ್, ನಿನ್ ಹತ್ರ ಹೇಳಿದ್ನಲ್ಲ! ಗಣಿತ ಅಂದ್ರೆ ಮುಂದೆ ಬರೋದನ್ನ ಮೊದ್ಲೇ ಹೇಳೋದು. ಮುಂದಿನ ಕಲ್ಲಲ್ಲಿ ಪೇಟೆಗೆ ನಲವತ್ತೇಳು, ಬೆಟ್ಟಕ್ಕೆ ಐವತ್ತೆರಡು. ತಪ್ಪಿದ್ರೆ ಮೀಸೆ ಬೋಳಿಸ್ತೀನಿ.

ಹೆಂಡತಿ: ಬೇಡಪ್ಪಾ. ಆ ಮುಖಕ್ಕೆ ಇರೋದು ಅದೊಂದೇ ಆಧಾರ.

ಕಲ್ಲು ಬಂತು. ನಲವತ್ತೇಳು, ಐವತ್ತೆರಡು. ಮೇಷ್ಟ್ರು ಕೋಟೆ ಗೆದ್ದವರ ಹಾಗೆ ಹಾರ್ನ್ ಹೊಡೆದರು. ಹೆಂಡತಿ ಪುಸ್ತಕ ಮುಚ್ಚಿದಳು.

ಹೆಂಡತಿ: ರೀ, ಪೇಟೆಗೆ ಮೊದ್ಲು ಎಷ್ಟಿತ್ತು ಅಂದ್ರಿ?

ಮೇಷ್ಟ್ರು: ನಲವತ್ತೈದು. ಆಮೇಲೆ ನಲವತ್ತಾರು, ಈಗ ನಲವತ್ತೇಳು. ಈಗ ಆಸಕ್ತಿ ಬಂತಾ? ಮುಂದಿಂದು ನಲವತ್ತೆಂಟು!

ಹೆಂಡತಿ: ನಾವು ಹೋಗ್ತಿರೋದು ಎಲ್ಲಿಗೆ?

ಮೇಷ್ಟ್ರು: ಇದೇನು ಪ್ರಶ್ನೆ? ಪೇಟೆಗೆ.

ಹೆಂಡತಿ: ಹೋಗ್ತಾ ಹೋಗ್ತಾ ದೂರ ಆಗೋ ಪೇಟೆ ಯಾವ್ದು ಸ್ವಾಮಿ?

ಮೇಷ್ಟ್ರು ಬ್ರೇಕ್ ಒತ್ತಿದರು. ಕಾರು ರಸ್ತೆ ಪಕ್ಕಕ್ಕೆ ಸರಿದು ನಿಂತಿತು.

ಮೇಷ್ಟ್ರು: ಆ ಹಿಂದಿನ ಸರ್ಕಲ್ಲಲ್ಲಿ... ಬಲಕ್ಕೆ ತಿರುಗ್ಬೇಕಿತ್ತೋ ಏನೋ...

ಹೆಂಡತಿ: ಇಳೀರಿ. ಈ ಕಡೆ ಬಂದು ಕೂತ್ಕೊಳ್ಳಿ. ತುಟಿ ಪಿಟಕ್ ಅನ್ಬೇಡಿ.

ಸ್ಟೀರಿಂಗಿನ ಮುಂದೆ ಕೂತವಳೇ ಆಸ್ಪತ್ರೆಗೆ ಫೋನ್ ಮಾಡಿದಳು. ಕಣ್ಣಲ್ಲಿ ನೀರಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು.

ಹೆಂಡತಿ: ಮೇಡಂ, ಅರ್ಧ ಗಂಟೆ ತಡ ಆಗುತ್ತೆ, ದಯವಿಟ್ಟು... ಕಾಯ್ತೀರಾ? ದೊಡ್ಡ ಉಪಕಾರ ಆಯ್ತು. ಹೌದು ಮೇಡಂ, ಡ್ರೈವರ್ ದಾರಿ ತಪ್ಪಿಸಿಬಿಟ್ಟ. ಪಾಪ, ಒಳ್ಳೆಯವನೇ. ಲೆಕ್ಕ ಬರಲ್ಲ ಅಷ್ಟೇ.