ಗೋದುಬಾಯಿಯನ್ನು ನೀರಿನಿಂದ ಎತ್ತಿದ ಇತಿಹಾಸ

ಕಾಳಿ ಜೀವರಕ್ಷಕ ಸೇವಾ ಸಂಘದ ಸಭೆಗಳಲ್ಲಿ ಅಡಿವೆಯ್ಯ ಎಂಟು ವರ್ಷ ಚಹಾ ಕುಡಿಯಲು ಬಿಟ್ಟರೆ ಬಾಯಿ ತೆರೆದವನಲ್ಲ. ಒಂಬತ್ತನೆಯ ವರ್ಷ ಒಂದೇ ಒಂದು ವಾಕ್ಯ ಆಡಿದ. ಅದೇ ಅವನನ್ನು ಮುಳುಗಿಸಿತು.

ಅಡಿವೆಯ್ಯ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತ. ಅವನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಆ ಕಾರಣಕ್ಕೆ ಸಂಘದವರು ಅವನನ್ನು ಕಾರ್ಯದರ್ಶಿ ಮಾಡಿದ್ದರು. ನದಿಯಲ್ಲಿ ಯಾರೋ ಮುಳುಗುತ್ತಿದ್ದಾರೆಂದು ಸುದ್ದಿ ಬಂದರೆ ಉಳಿದವರು ಹಗ್ಗ, ಟ್ಯೂಬು ಹಿಡಿದು ಓಡುತ್ತಿದ್ದರು. ಇವನು ರಿಜಿಸ್ಟರ್ ಹಿಡಿದು ಓಡುತ್ತಿದ್ದ. ಮೇಲೆ ಬಂದವರ ಕೆಮ್ಮು ಮುಗಿಯುವವರೆಗೆ ದಂಡೆಯ ಮೇಲೆ ಕಾದು ನಿಂತು, ಹೆಸರು, ತಂದೆಯ ಹೆಸರು, ಊರು ಬರೆದುಕೊಳ್ಳುತ್ತಿದ್ದ. ಸೆಲ್ಫಿ ತೆಗೆಯುವಾಗ ಜಾರಿದ ನವದಂಪತಿಯಿಂದ ಹಿಡಿದು, ತೆಪ್ಪ ಮಗುಚಿ ಬಿದ್ದ ಬ್ಯಾಂಕಿನ ಸಾಹೇಬರವರೆಗೆ ನೂರಾರು ಜೀವಗಳು ಆ ರಿಜಿಸ್ಟರಿನಲ್ಲಿ ಒದ್ದೆಯಾಗಿ ಕುಳಿತಿದ್ದವು.

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಬೆಳ್ಳಿಹಬ್ಬಕ್ಕೆ ಕಾರವಾರದಿಂದ ಸಾಹೇಬರೊಬ್ಬರು ಬಂದು ಹೊಸ ಮೋಟಾರು ದೋಣಿ ಕೊಡುವವರಿದ್ದರು. ಸಂಘದ ಇತಿಹಾಸವನ್ನು ಅಡಿವೆಯ್ಯನೇ ಬರೆದು ವೇದಿಕೆಯ ಮೇಲೆ ಓದಬೇಕೆಂದು ಗೊತ್ತಾಯಿತು. ಆ ಇತಿಹಾಸದ ಮೊದಲ ಪುಟ ಊರಿಗೆಲ್ಲ ಬಾಯಿಪಾಠ. ಗೋದುಬಾಯಿ ಎಂಬ ಹೆಣ್ಣುಮಗಳು ಬಟ್ಟೆ ಒಗೆಯುವಾಗ ಕಾಲು ಜಾರಿ ಕಾಳಿ ನದಿಗೆ ಬಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತರುಣರು ಚಪ್ಪಲಿ ಸಹ ಬಿಚ್ಚದೆ ಹಾರಿ ಅವಳನ್ನು ಎತ್ತಿದರು. ಮರುದಿನವೇ ಸಂಘ ಹುಟ್ಟಿತು. ಆ ತರುಣರಲ್ಲಿ ಮಹಾಬಳೇಶ್ವರ ಈಗ ಕಾರ್ಖಾನೆಯ ಫೋರ್‌ಮನ್, ಸಂಘದ ಅಧ್ಯಕ್ಷ. ಮನ್ಸೂರ ಗ್ಯಾರೇಜಿನ ಮಾಲೀಕ, ಉಪಾಧ್ಯಕ್ಷ.

ಅಡಿವೆಯ್ಯ ಸಭೆಯಲ್ಲಿ ಆಡಿದ ವಾಕ್ಯ ಇಷ್ಟೇ: "ಆ ಗೋದುಬಾಯಿನ್ನ ಕರದು ಸತ್ಕಾರ ಮಾಡೂಣೇನ್ರಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಾಬಳೇಶ್ವರನ ಚಹಾ ಮೂಗಿಗೇರಿತು. ಮನ್ಸೂರ ಅವನ ಬೆನ್ನು ಗುದ್ದಿದ.

"ಚಲೋ ವಿಚಾರ," ಎಂದ ಮಹಾಬಳೇಶ್ವರ, ಕಣ್ಣೊರೆಸಿಕೊಳ್ಳುತ್ತ. "ಆದ್ರ ಪಾಪ, ಆಕಿ ಪುಣೆ ಕಡೆ ಹೋದ್ಲು ಅಂತ ಕೇಳಿದ್ದೆ. ಈಗ ಎಲ್ಲಿ ಹುಡಕೂದು?"

"ಅಡಿವೆಯ್ಯ ಹುಡಕ್ತಾನ!" ಎಂದರು ಎಲ್ಲರೂ ಒಂದೇ ದನಿಯಲ್ಲಿ.

ಒಂದು ತಿಂಗಳು ಹುಡುಕಿದರೂ ಅವಳು ಸಿಗಲಿಲ್ಲ. ಬೆಳ್ಳಿಹಬ್ಬದ ದಿನ ಬೆಳಿಗ್ಗೆ ಅಡಿವೆಯ್ಯ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದಾಗ ಪಕ್ಕದ ಮನೆಯ ಶಂಕ್ರವ್ವ ಗೋಡೆಯ ಮೇಲಿಂದ ತಲೆ ಎತ್ತಿದಳು. ಆ ಓಣಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಕಡಿಮೆಯಾಯಿತೆಂಬುದು ಆ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

"ಗೋದುಬಾಯಿ ಅಂದ್ರ ಹಳಿಯಾಳದಾಗ ಮೆಂತೆ ಸೊಪ್ಪು ಮಾರೂ ಗೋದುಬಾಯಿ ಏನೋ? ನಮ್ಮ ಅಕ್ಕನ ಬೀಗತಿ ಆಕಿ. ಊರೆಲ್ಲಾ ಕೇಳಿ ನನ್ನ ಯಾಕ ಕೇಳಲಿಲ್ಲ ನೀ?"

ಅಡಿವೆಯ್ಯ ಬಾಯಿ ಮುಕ್ಕಳಿಸಿದನೋ ಇಲ್ಲವೋ, ಬಸ್ಸು ಹತ್ತಿದ.

ಹಳಿಯಾಳದ ಬಸ್‌ಸ್ಟ್ಯಾಂಡಿನ ಹಿಂದಿನ ಬಜಾರದಲ್ಲಿ ಗೋದುಬಾಯಿ ಸೊಪ್ಪಿನ ಸಿವುಡುಗಳ ನಡುವೆ ಕುಳಿತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಅವಳ ದನಿ ಕೇಳಿದರೆ ಬಾಡಿದ ಸೊಪ್ಪೂ ಎದ್ದು ಕೂರಬೇಕು. ಅಡಿವೆಯ್ಯ ಮೊದಲು ಅಧ್ಯಕ್ಷನಿಗೆ ಫೋನ್ ಮಾಡಿದ.

"ಸರ್, ಗೋದುಬಾಯಿ ಸಿಕ್ಕಳ್ರಿ!"

ಆ ಕಡೆ ಚಹಾದ ಲೋಟ ಬಿದ್ದ ಸದ್ದು. ಆಮೇಲೆ ಫೋನು ಸತ್ತಿತು. ದಾಂಡೇಲಿಯಲ್ಲಿ ನೆಟ್‌ವರ್ಕ್ ಯಾವಾಗಲೂ ಹೀಗೆಯೇ ಎಂದುಕೊಂಡ ಅಡಿವೆಯ್ಯ. ನಂತರ ಗೋದುಬಾಯಿಯ ಎದುರು ಕುಕ್ಕರಗಾಲಲ್ಲಿ ಕುಳಿತು, ಅವಳು ಸಂತೋಷಪಡಲೆಂದು ಇತಿಹಾಸದ ಮೊದಲ ಪುಟ ಓದಿದ. ಓದಿ ಮುಗಿಸುವಷ್ಟರಲ್ಲಿ ಸಿವುಡು ಕಟ್ಟುತ್ತಿದ್ದ ಅವಳ ಕೈ ನಿಂತಿತ್ತು.

"ಯಾರು ಯಾರನ್ನ ಎತ್ತಿದ್ರಂತ?"

"ಅವರು... ನಿಮ್ಮನ್ನ."

"ಹಾಟ್ಯಾನ ಮಕ್ಕಳು!" ಎಂದಳು ಗೋದುಬಾಯಿ. ಪಕ್ಕದ ಮೆಣಸಿನಕಾಯಿಯವನು ತಕ್ಕಡಿ ಕೆಳಗಿಟ್ಟು ಇತ್ತ ತಿರುಗಿದ. "ಕೇಳಿಲ್ಲಿ. ನಾ ತಂಗಿ ಮನಿಗೆ ಬಂದಿದ್ದೆ, ದಂಡಿ ಮ್ಯಾಲ ಕೌದಿ, ಸೀರಿ ಒಗೀತಿದ್ದೆ. ಇವರಿಬ್ಬರೂ ಲಾರಿ ಟ್ಯೂಬಿನ ಮ್ಯಾಲ ಕುಂತು ಮಹಾರಾಜರಂಗ ತೇಲಕೋತ ಬಂದ್ರು. ಆ ಮನ್ಸೂರ ಟ್ಯೂಬಿಗೆ ತಾನ ಪಂಚರ್ ಹಾಕಿದ್ನಂತ, ಅದು ಗಟ್ಟಿ ಐತೇನಂತ ನೋಡಾಕ ನೀರಿಗೆ ಇಳದಿದ್ರಂತ! ನಡುನೀರಾಗ ಟುಸ್ ಅಂತು. ಹಿಂಡಿ ಇಟ್ಟಿದ್ದ ಸೀರಿ ಒಗದೆ ನೋಡು. ಮೊದಲ ಒಬ್ಬನ್ನ ಎಳದೆ, ಆಮ್ಯಾಲ ಇನ್ನೊಬ್ಬನ್ನ. ನನ್ನ ಕಾಲೂ ಜಾರಿ ಮೈಯೆಲ್ಲಾ ತೊಯ್ತು. ಅಷ್ಟೊತ್ತಿಗೆ ಮಂದಿ ಕೂಡಿದ್ರು. ತೊಯ್ದ ಹೆಂಗಸು, ಇಬ್ಬರು ಗಂಡಸರು. ಯಾರೂ ಏನೂ ಕೇಳಲೇ ಇಲ್ಲ, ಗಂಡಸರ ಕೊರಳಿಗೆ ಹಾರ ಹಾಕಿದ್ರು. ಇವರು ನನ್ನ ಕಡೆ ನೋಡಿ ಕೈ ಮುಗದ್ರು. ನಾ ಸುಮ್ಮನಾದೆ, ಮರುದಿನ ಊರಿಗೆ ಬಂದೆ. ಅದನ್ನ ಇಪ್ಪತ್ತೈದು ವರ್ಷ ಹೇಳಿಕೋತ ಅಡ್ಡ್ಯಾಡ್ಯಾರೇನು?"

ಅಡಿವೆಯ್ಯ ಪುಟ ಮಡಚಿದ. "ಯವ್ವಾ, ನೀವು ಸಿಕ್ಕೇ ಸಿಗ್ತೀರಂತ ಆಮಂತ್ರಣ ಪತ್ರಿಕಿಯೊಳಗ ಮೊದಲ ನಿಮ್ಮ ಹೆಸರು ಛಾಪಿಸ್ಯಾರ. ಬರಲೇಬೇಕು."

"ಬರ್ತೇನಿ. ಆದ್ರ ನೀ ಖರೇ ಓದಬೇಕು. ಇಲ್ಲಂದ್ರ ಮೈಕ್ ಕಸಗೊಂಡು ನಾನ ಹೇಳ್ತೇನಿ. ಹಾಕು ಆಣಿ, ತುಳಜಾಭವಾನಿದು."

ಅಡಿವೆಯ್ಯ ಆಣೆ ಹಾಕಿದ. ದಾಂಡೇಲಿ ಮುಟ್ಟುವಷ್ಟರಲ್ಲಿ ಏನಾದರೂ ದಾರಿ ಹೊಳೆದೀತೆಂದು ಅವನ ಆಸೆ.

ಹೊಳೆಯಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಆಮೆಯಂತೆ ಸಾಗಿತು. ಗೋದುಬಾಯಿಗೆ ಕತೆಯನ್ನು ಮುಂದಿನ ಸೀಟಿನವರಿಗೊಮ್ಮೆ, ಹಿಂದಿನವರಿಗೊಮ್ಮೆ ಹೇಳಲು ಸಮಯ ಸಿಕ್ಕಿತು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಮರೆತು ನಿಂತ.

"ಖರೇ ಓದ್ರಿ, ಏನಾಗ್ತೈತಿ ನೋಡೂಣು," ಎಂದ ಸಾಂಬ್ರಾಣಿ ಊರಿನ ಮುದುಕನೊಬ್ಬ.

"ಓದಿದ್ರ ಇವರನ್ನ ನದಿಗೆ ಒಗೀತಾರ," ಎಂದಳು ಕಿಟಕಿಯ ಹತ್ತಿರದ ಹೆಂಗಸು.

"ಒಗೀಲಿ ಬಿಡ್ರಿ. ಎತ್ತಾಕ ಸಂಘ ಐತೆಲ್ಲ!"

ಬಸ್ಸು ತುಂಬ ನಗೆ. ಅಡಿವೆಯ್ಯ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಹೊಸ ಮೊದಲ ಪುಟ ಬರೆಯತೊಡಗಿದ. ರಸ್ತೆಯ ಗುಂಡಿಗೊಂದು ಅಕ್ಷರ ಹಾರಿ, ಮುತ್ತಿನಂಥ ಬರಹ ಚೆಲ್ಲಿದ ಜೋಳದಂತಾಯಿತು.

ಸಭಾಂಗಣದ ಹಿಂದೆ, ಹೂಮಾಲೆ ಹಾಕಿಸಿಕೊಂಡ ಹೊಸ ದೋಣಿಯ ಮರೆಯಲ್ಲಿ ಅಧ್ಯಕ್ಷ, ಉಪಾಧ್ಯಕ್ಷರಿಬ್ಬರೂ ಅವನಿಗಾಗಿ ಕಾದಿದ್ದರು.

"ಆಕಿ ಎಲ್ಲಾ ಹೇಳಿದಳೇನು?" ಎಂದ ಮಹಾಬಳೇಶ್ವರ.

"ಹ್ಞೂಂ ರಿ. ಖರೇ ಓದ್ತೇನಂತ ಆಣಿ ಹಾಕಿಸಿಕೊಂಡಾಳ."

ಮಹಾಬಳೇಶ್ವರ ದೋಣಿಯ ಅಂಚಿಗೆ ಕೈಯೂರಿದ. "ಅಡಿವೆಯ್ಯಾ, ನಮ್ಮ ಮಾವ ಆ ಕತಿ ಕೇಳೇ ನನಗ ಮಗಳನ್ನ ಕೊಟ್ಟಾನೋ. ನಮ್ಮ ಮನಿಯಾಕಿ ಮಧುಮತಿ ಮುಂದಿನ ಸಾಲಿನ್ಯಾಗ ಕುಂತಾಳ. ನನ್ನ ಮಗಳು ಸಾಲಿಯೊಳಗ ಅದನ್ನ ಭಾಷಣ ಮಾಡಿ ಬಹುಮಾನ ತಗೊಂಡಾಳ. ಖರೇ ಹೇಳಬೇಕಂತ ಪ್ರತಿ ವರ್ಷ ಅನ್ಕೋತೇನಿ, ಪ್ರತಿ ವರ್ಷ ಚಪ್ಪಾಳಿ ಬೀಳ್ತಾವು."

"ಭಾಯಿ, ಪಂಚರ್ ಗಟ್ಟಿ ಇತ್ತು," ಎಂದ ಮನ್ಸೂರ ನೊಂದ ದನಿಯಲ್ಲಿ. "ಹೋದದ್ದು ವಾಲ್ವು. ಖುದಾ ಕಸಮ್. ಅದನ್ನರ ಸರಿ ಬರಿ."

"ಹಳೇದ ಓದು," ಎಂದು ಮಹಾಬಳೇಶ್ವರ ಕೈ ಹಿಡಿದುಕೊಂಡ. ಅಷ್ಟರಲ್ಲಿ ಸಾಹೇಬರ ಜೀಪು ಬಂತು.

ವೇದಿಕೆಯ ಮೇಲೆ ಅಡಿವೆಯ್ಯನ ಎಡಜೇಬಿನಲ್ಲಿ ಹಳೆಯ ಪುಟ, ಬಲಜೇಬಿನಲ್ಲಿ ಹೊಸ ಪುಟ. ಗೋದುಬಾಯಿ ಮುಖ್ಯ ಅತಿಥಿಗಳ ಪಕ್ಕದ ಕುರ್ಚಿಯಲ್ಲಿ ಕುಳಿತು ಅವನ ಬಲಜೇಬನ್ನೇ ನೋಡುತ್ತಿದ್ದಳು. ಎಂಟು ವರ್ಷ ದಂಡೆಯ ಮೇಲೆ ನಿಂತು ಅವನು ಒಂದೂ ಸುಳ್ಳು ಬರೆದಿರಲಿಲ್ಲ. ನೀರು ಕುಡಿದವರ ವಯಸ್ಸನ್ನೂ ಎರಡು ಸಲ ಕೇಳಿ ಬರೆದವನು. ಅವನಿಗೆ ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ, ಜೀವಮಾನದಲ್ಲಿ ಮೊದಲ ಸಲ, ತಾನೂ ನೀರಿಗೆ ಹಾರಬೇಕೆನಿಸಿತು. ಬಲಜೇಬಿಗೆ ಕೈ ಹಾಕಿದ.

ಓದಿದ. ಟ್ಯೂಬು, ಪಂಚರು, ಸೀರೆ, ಹಾರ, ಒಂದನ್ನೂ ಬಿಡಲಿಲ್ಲ. ವಾಲ್ವಿನ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂದೂ ಸೇರಿಸಿದ.

ಮೇಜಿನ ಮೇಲಿಟ್ಟಿದ್ದ ದೋಣಿಯ ಕೀಲಿಕೈಯನ್ನು ಸಾಹೇಬರು ಮೆಲ್ಲಗೆ ಎತ್ತಿ ಜೇಬಿಗಿಟ್ಟುಕೊಂಡರು. ಮುಂದಿನ ಸಾಲಿನಲ್ಲಿ ಮಧುಮತಿ ಗಂಡನ ಕಡೆ ಕತ್ತು ತಿರುಗಿಸಿದಳು. ಇಪ್ಪತ್ತೈದು ವರ್ಷವನ್ನು ಹಿಂದಕ್ಕೆ ತಿರುಗಿಸುವಷ್ಟು ನಿಧಾನವಾಗಿ.

"ಗೋದುಬಾಯಿನ್ನ ಕೇಳ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಗೋದುಬಾಯಿ ಎದ್ದಳು. ಮೈಕಿನ ಮುಂದೆ ನಿಂತು ಮಹಾಬಳೇಶ್ವರನನ್ನು ನೋಡಿದಳು, ಮಧುಮತಿಯನ್ನು ನೋಡಿದಳು. ಅಡಿವೆಯ್ಯ ಎದೆಯುಬ್ಬಿಸಿ ನಿಂತ. ಇನ್ನೇನು, ಸತ್ಯಕ್ಕೆ ಸಾಕ್ಷಿ ಸಿಕ್ಕಿತು.

"ಈ ಗುಮಾಸ್ತರು ಯಾರ ಮಾತು ಕೇಳಿ ಇದನ್ನ ಬರದಾರೋ ನನಗ ಗೊತ್ತಿಲ್ರಿ," ಎಂದಳು ಗೋದುಬಾಯಿ. "ಬಿದ್ದಾಕಿ ನಾನ. ಹಾರಿದವರು ಇವರಿಬ್ಬರು. ಸೀರಿ ಅಂತ, ಟ್ಯೂಬ ಅಂತ! ಹೆಂಗಸು ಹೋಗಿ ಇಬ್ಬರು ಗಂಡಸರನ್ನ ಎಳಿಯೂದು ಆಗೂ ಮಾತೇನ್ರಿ?" ಇಷ್ಟು ಸಾಲದೆನಿಸಿತೇನೋ, ಸೇರಿಸಿದಳು: "ಹಿಂದ ಮೊಸಳಿ ಬ್ಯಾರೆ ಬರ್ತಿತ್ತು."

ಮೊಸಳೆಯ ಸುದ್ದಿ ಮಹಾಬಳೇಶ್ವರನಿಗೂ ಹೊಸದು. ಆದರೂ ಗಂಭೀರವಾಗಿ ತಲೆಯಾಡಿಸಿದ. ಚಪ್ಪಾಳೆಗೆ ಸೂರು ಹಾರುವಂತಾಯಿತು. ಸಾಹೇಬರ ಜೇಬಿನಿಂದ ಕೀಲಿಕೈ ಹೊರಬಂತು. ಮಧುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಹಾಬಳೇಶ್ವರ ಮೈಕ್ ಹಿಡಿದು ದೊಡ್ಡ ಮನಸ್ಸು ಮಾಡಿದ: "ನಮ್ಮ ಕಾರ್ಯದರ್ಶಿಗಳು ಮುಂಜಾನಿಂದ ಬಿಸಲಾಗ ಅಡ್ಡ್ಯಾಡ್ಯಾರ. ಯಾರೂ ತಪ್ಪು ತಿಳೀಬ್ಯಾಡ್ರಿ." ಸಭೆ ನಕ್ಕಿತು. ಶಂಕ್ರವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಯಾರೋ ಅಡಿವೆಯ್ಯನ ನೆತ್ತಿಗೆ ತಣ್ಣೀರು ತಟ್ಟಿದರು.

ಸಂಜೆ ಆರೂವರೆಗೆ ಅಡಿವೆಯ್ಯ ಗೋದುಬಾಯಿಯನ್ನು ಹಳಿಯಾಳದ ಬಸ್ಸಿಗೆ ಹತ್ತಿಸಲು ಬಂದ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಅವನ ಕೈಯಲ್ಲೇ. ಬಸ್‌ಸ್ಟ್ಯಾಂಡ್ ಬಂದ ಕೂಡಲೇ ಕೇಳಿದ:

"ಆಣಿ ಹಾಕಿಸಿದಾಕಿ ನೀನ. ಯಾಕಬೇ ಹಿಂಗ ಮಾಡಿದಿ?"

"ನಾ ಹೇಳಬೇಕಂತನ ಎದ್ದೆ," ಎಂದಳು ಗೋದುಬಾಯಿ. "ಆ ಮಹಾಬಳೇಶ್ವರನ ಮಾರಿ ನೋಡಿದೆ. ಮತ್ತ ಮುಳಗಾಕತ್ತಿದ್ದ. ಮುಳಗೂವರನ್ನ ನೋಡಿಕೋತ ಹೆಂಗ ನಿಂದರ್ಲಿ?"

"ನಾನೂ ಮುಳಗಿದ್ನೆಲ್ಲ!"

"ನಿನಗ ಮೊಳಕಾಲಮಟ ನೀರು. ಎದ್ದು ನಿಂತ್ರ ಆತು," ಎಂದು ಅವಳು ಬುಟ್ಟಿ ಕಸಿದುಕೊಂಡು ಬಸ್ಸು ಹತ್ತಿದಳು.

ಬಸ್ಸು ಹೋಯಿತು. ಅಡಿವೆಯ್ಯ ತಿರುಗುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಧ್ಯಕ್ಷ. ನೆಟ್‌ವರ್ಕ್ ಸ್ಫಟಿಕದಷ್ಟು ಸ್ವಚ್ಛವಾಗಿತ್ತು.

"ಅಡಿವೆಯ್ಯಾ, ಇತಿಹಾಸ ಪುಸ್ತಕ ಮಾಡಿಸಬೇಕಂತ ಸಾಹೇಬರು ಹೇಳ್ಯಾರ. ನಾಳೆ ಮುಂಜಾನೆ ಮೊದಲನೇ ಪುಟ ಮತ್ತ ಬರದು ಕೊಡು. ಈ ಸಲ ಒಂದಕ್ಷರ ಸುಳ್ಳ ಇರಬಾರದು ನೋಡು." ಆಮೇಲೆ ದನಿ ತಗ್ಗಿಸಿ ಕೇಳಿದ: "ಆ ಮೊಸಳಿ ಎಷ್ಟ ಉದ್ದ ಇತ್ತಂತ ಆಕಿ ಏನರ ಹೇಳಿದಳೇನು?"