ಮೂರು ಮಿಲಿಮೀಟರಿನ ಸಾಗಣೆ ನಷ್ಟ

೨೦೧೩ರ ಫೆಬ್ರುವರಿಯಲ್ಲಿ ಸೆಂಟ್ರಲ್ ಎಕ್ಸೈಜ್ ಇಲಾಖೆಯ ಬಿಂದುಮಾಧವ ಗಲಗಲಿಯವರ ದೊಡ್ಡ ಕರುಳಿನಲ್ಲಿ ಬೆಳೆದಿದ್ದ ಪಾಲಿಪ್ ಎಂಬ ಮಾಂಸದ ಗಂಟು ನಾಸಿಕದಲ್ಲಿ ಇಪ್ಪತ್ತೆರಡು ಮಿಲಿಮೀಟರ್ ಇತ್ತು, ಔರಂಗಾಬಾದಿನಲ್ಲಿ ಹತ್ತೊಂಬತ್ತು ಇತ್ತು. ಎರಡೂ ವರದಿಗಳ ಮೇಲೆ ಮೊಹರು ಇದ್ದುದರಿಂದ ಎರಡೂ ಸರಿ.

ಇಪ್ಪತ್ತು ಮಿಲಿಮೀಟರ್ ಮುಟ್ಟಿದ್ದು ದೊಡ್ಡದು. ದೊಡ್ಡದಕ್ಕೆ ನಾಸಿಕದ ಆಸ್ಪತ್ರೆ ಕೈ ಹಾಕುವುದಿಲ್ಲ. ಔರಂಗಾಬಾದಿನ ಆಸ್ಪತ್ರೆಯಲ್ಲಿ ದೊಡ್ಡ ಪಾಲಿಪನ್ನು ಇಡಿಯಾಗಿ ತೆಗೆಯುವುದು ಮೇಲೋ, ತುಂಡು ತುಂಡಾಗಿ ತೆಗೆಯುವುದು ಮೇಲೋ ಎಂಬ ಸಂಶೋಧನೆ ನಡೆದಿತ್ತು. ಅವರು ಚಿಕ್ಕದಕ್ಕೆ ಕೈ ಹಾಕುವುದಿಲ್ಲ. ಹೀಗಾಗಿ ಬಿಂದುಮಾಧವರು ಪರೀಕ್ಷೆಗೆಂದು ಜುಲಾಬಿನ ನೀರು ಕುಡಿದು ಮನ್ಮಾಡದ ಮೇಲೆ ಹಾಯ್ದು ಎರಡು ಸಲ ರೈಲಿನಲ್ಲಿ ಓಡಾಡಿದರು. ಯಾವ ಡಬ್ಬಿಯ ಶೌಚಾಲಯದ ಚಿಲಕ ಗಟ್ಟಿಯಿದೆ ಎಂಬುದು ಅವರಿಗೆ ಬಾಯಿಪಾಠವಾಯಿತು.

ಒಳಗೊಳಗೆ ಭಯವಿತ್ತು. ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗಬಹುದು ಎಂಬ ವಿಷಯದಲ್ಲಿ ಮಾತ್ರ ಎರಡೂ ಊರಿನ ವೈದ್ಯರಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಔರಂಗಾಬಾದಿನ ಸಂಶೋಧನೆಯ ಮುಖ್ಯಸ್ಥ ಡಾ. ಉತ್ಕರ್ಷ ಮರಾಠಿಯಲ್ಲಿ ಸಮಾಧಾನ ಹೇಳಿದರು: "ಒಂದು ವರ್ಷ ಬಿಟ್ಟು ಬನ್ನಿ. ಬೆಳೆದಿರುತ್ತದೆ."

ಹೆಂಡತಿ ರಾಧಾಬಾಯಿ ಗಂಡನ ಕಡೆ ತಿರುಗಿದರು. "ಬೆಳಸಲಿಕ್ಕೆ ಇದೇನು ಸಟಾಣಾದ ದಾಳಿಂಬರೀ ಏನ್ರಿ? ಆಫೀಸಿನ್ಯಾಗ ಮಂದಿ ಫೈಲಿಗೆ ಸಾವಿರ ಖೋಡಿ ತಗೀತೀರಿ, ನಿಮ್ಮ ಕರುಳಿನ ಫೈಲಿಗೆ ಬಾಯಿಲ್ಲೇನ್ರಿ?"

ಬಿಂದುಮಾಧವರು ಅಲ್ಲೇ ಬೆಂಚಿನ ಮೇಲೆ ಕೂತು ತಮ್ಮ ಇಲಾಖೆಯ ಭಾಷೆಯಲ್ಲಿ ಅರ್ಜಿ ಬರೆದರು: 'ಮಾಲು ಊರಿಂದೂರಿಗೆ ಸಾಗುವಾಗ ಅಲ್ಪಸ್ವಲ್ಪ ಕಡಿಮೆಯಾಗುವುದು ಸಹಜವಿದ್ದು, ಹೊರಟ ಸ್ಥಳದ ಅಳತೆಯನ್ನೇ ಮಾನ್ಯ ಮಾಡತಕ್ಕದ್ದು. ಸದರಿ ಮೂರು ಮಿಲಿಮೀಟರನ್ನು ಸಾಗಣೆ ನಷ್ಟವೆಂದು ಪರಿಗಣಿಸಲು ವಿನಂತಿ.'

ಸಂಶೋಧನೆಯ ಸಮಿತಿ ಸಭೆ ಸೇರಿತು. ನಷ್ಟವು ಮನ್ಮಾಡದಲ್ಲಿ ಸಂಭವಿಸಿತೋ ವೈಜಾಪುರದ ಆಚೆಗೋ ಎಂದು ಸ್ಪಷ್ಟನೆ ಕೇಳಿತು. 'ಮನ್ಮಾಡದಲ್ಲಿ ಗಾಡಿ ಬದಲಿಸುವಾಗ' ಎಂದು ಇವರು ಬರೆದುಕೊಟ್ಟರು. ಅರ್ಜಿ ಮಂಜೂರಾಯಿತು.

ಯಾವ ರೋಗಿಗೆ ಯಾವ ವಿಧಾನ ಎಂಬುದನ್ನು ಸಂಶೋಧನೆಯಲ್ಲಿ ಚೀಟಿ ಎತ್ತಿ ನಿರ್ಧರಿಸುತ್ತಿದ್ದರು; ಇವರಿಗೆ 'ತುಂಡು' ಬಂತು. ಏಳು ತುಂಡಾಗಿ ತೆಗೆದರು. ಕ್ಯಾನ್ಸರ್ ಇಲ್ಲವೆಂದು ಲ್ಯಾಬಿನ ವರದಿ ಬಂದ ದಿನ ರಾಧಾಬಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬಿಂದುಮಾಧವರು ಅವರ ಚಪ್ಪಲಿ ಸರಿಯಾಗಿ ಜೋಡಿಸಿಟ್ಟರು.

ಆರು ತಿಂಗಳ ನಂತರ, ಮತ್ತೆ ಬೆಳೆದಿದೆಯೇ ಎಂದು ನೋಡಲು ಕರೆಸಿದರು. ಕರುಳು ಸ್ವಚ್ಛವಾಗಿತ್ತು. ಆದರೆ 'ಪಾಲಿಪಿನ ಅಳತೆ' ಎಂಬ ಅಂಕಣದಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಹಾಕಿದರೆ ಕಂಪ್ಯೂಟರ್ ತೆಗೆದುಕೊಳ್ಳುತ್ತಿರಲಿಲ್ಲ. ಅಂಕಣ ಖಾಲಿ ಬಿಡುವಂತೆಯೂ ಇರಲಿಲ್ಲ. ಡಾ. ಉತ್ಕರ್ಷ ಇಪ್ಪತ್ತು ಹಾಕಿದರು. ಇಪ್ಪತ್ತು ಇದ್ದ ಮೇಲೆ ತೆಗೆಯುವುದು ಕಡ್ಡಾಯ. ಮತ್ತೆ ಚೀಟಿ ಎತ್ತಿದರು. ಈ ಸಲ 'ಇಡಿ' ಬಂತು.

"ಒಳಗೆ ಏನೂ ಇಲ್ಲವಲ್ಲ, ಡಾಕ್ಟರ್?" ಎಂದು ಬಿಂದುಮಾಧವರು ಕೇಳಿದರು.

"ಆದ್ದರಿಂದಲೇ ಅಪಾಯ ಕಡಿಮೆ."

ನಿಯಮ ಗೊತ್ತಿದ್ದ ಮನುಷ್ಯ. ರಜೆ ಮಂಜೂರು ಮಾಡಿಸಿಕೊಂಡರು, ಜುಲಾಬಿನ ನೀರು ಕುಡಿದರು, ಟೇಬಲ್ಲಿನ ಮೇಲೆ ಮಗ್ಗುಲಾಗಿ ಮಲಗಿದರು. ನಾಲ್ಕು ನಿಮಿಷದಲ್ಲಿ ಮುಗಿಯಿತು. ರಕ್ತಸ್ರಾವವಿಲ್ಲ, ಉಳಿಕೆಯಿಲ್ಲ, ಗಂಟು ಇಡಿಯಾಗಿ ನಿವಾರಣೆ. ಇಡೀ ಸಂಶೋಧನೆಯಲ್ಲಿ ಇಷ್ಟು ಒಳ್ಳೆಯ ಫಲಿತಾಂಶ ಇನ್ನೊಂದಿಲ್ಲವೆಂದು ಡಾ. ಉತ್ಕರ್ಷ ಕೈ ಕುಲುಕಿದರು.

ಹೊರಗೆ ಮೊಸರನ್ನದ ಡಬ್ಬಿ ಹಿಡಿದು ಕಾಯುತ್ತಿದ್ದ ರಾಧಾಬಾಯಿ ಎದ್ದು ನಿಂತರು. "ಏನಾತ್ರಿ?"

"ಒಂದ ತುಂಡಿನ್ಯಾಗ ಬಂತಂತ."

"ಚಲೋ ಆತ್ ಬಿಡ್ರಿ. ಹೋದ ಸಲ ಭಾಳ ತ್ರಾಸ ಕೊಟ್ಟಿತ್ತು," ಎಂದು ಅವರು ಡಬ್ಬಿಯ ಮುಚ್ಚಳ ತೆಗೆದರು.