ಗುಡ್ಡ ಹತ್ತದ ಕಾಗೆ

ಮಧ್ಯಾಹ್ನ ಒಂದೂವರೆಗೆ ರಾಘಣ್ಣ ಕಂಪೌಂಡ್ ಗೋಡೆಯ ಮೇಲೆ ಬಾಳೆ ಎಲೆ ಹಾಸಿ, ಪಿಂಡ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ಆಕಾಶ ನೋಡಿದ. ಆಕಾಶ ತೊಳೆದಿಟ್ಟಂತಿತ್ತು. ಮೋಡ ಇರಲಿಲ್ಲ, ಹೊಗೆ ಇರಲಿಲ್ಲ, ಒಂದೇ ಒಂದು ಕಾಗೆಯೂ ಇರಲಿಲ್ಲ.

ಅವನ ಹೆಂಡತಿ ಗಂಗಾಬಾಯಿ ತೀರಿಕೊಂಡು ಅಂದಿಗೆ ಒಂದು ವರ್ಷ. ಮೊದಲ ಶ್ರಾದ್ಧ. ಮಕ್ಕಳಿಲ್ಲದ ಮನೆ, ಮಾಡುವವನೂ ಅವನೇ, ಅಳುವವನೂ ಅವನೇ. ಕಾಗೆ ಬಂದು ಪಿಂಡ ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿಯಾಯಿತು ಅಂತ. ಅಲ್ಲಿಯವರೆಗೆ ಒಳಗೆ ಯಾರೂ ಎಲೆಯ ಮುಂದೆ ಕೂರುವಂತಿಲ್ಲ. ಹೋದ ವರ್ಷದ ಕರ್ಮವೆಲ್ಲ ಕೆಳಗೆ ಹೊಳೆಯ ದಂಡೆಯಲ್ಲಿ ನಡೆದಿತ್ತು. ಅಲ್ಲಿಯ ಕಾಗೆಗಳು ಸಾಲುಗಟ್ಟಿ ಕಾಯುತ್ತವೆ, ಯಾರ ಪಿಂಡ ಎಂದು ಕೇಳುವ ಪೈಕಿ ಅಲ್ಲ. ಈ ಸಲ ಮಾತ್ರ ರಾಘಣ್ಣ, "ಅಕಿ ಇದ್ದ ಮನ್ಯಾಗ ಆಗ್ಲಿ" ಎಂದು ಹಟ ಹಿಡಿದಿದ್ದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಹಸಿರುಗಿರಿ ಬಡಾವಣೆ ಶಿಗ್ಗಾಂವಿಯಿಂದ ನಾಲ್ಕು ಕಿಲೋಮೀಟರ್ ದೂರದ ಗುಡ್ಡದ ಮೇಲಿದೆ. ಸೈಟು ಮಾರುವಾಗ ಹಂಚಿದ ಕಾಗದದಲ್ಲಿ "ಧೂಳಿಲ್ಲ, ಗದ್ದಲವಿಲ್ಲ, ಕಸವಿಲ್ಲ, ಹುಬ್ಬಳ್ಳಿಗೆ ಒಂದೇ ತಾಸು" ಎಂದು ಅಚ್ಚು ಹಾಕಿಸಿದ್ದರು. ಅಷ್ಟೂ ನಿಜ. ಕಸವೇ ಇಲ್ಲದ ಮೇಲೆ ಕಾಗೆಗೆ ಅಲ್ಲೇನು ಕೆಲಸ? ನವಿಲು ಬರುತ್ತಿದ್ದವು, ಗಿಳಿ ಬರುತ್ತಿದ್ದವು, ಭಾನುವಾರ ಫೋಟೋ ತೆಗೆಯಲು ಹುಬ್ಬಳ್ಳಿಯ ಜನವೂ ಬರುತ್ತಿದ್ದರು. ಕಾಗೆ ಬರುತ್ತಿರಲಿಲ್ಲ.

ರಾಘಣ್ಣ ಸರ್ವೇ ಇಲಾಖೆಯಲ್ಲಿದ್ದವ. ಸರಪಳಿ ಹಿಡಿದು ಆ ಗುಡ್ಡ ಅಳೆಯಲು ಹೋಗಿ, ಗುಡ್ಡಕ್ಕೇ ಮನಸೋತು ಬಂದಿದ್ದ. ನಿವೃತ್ತನಾದೊಡನೆ, ಕೆಳಗೆ ಶಿಗ್ಗಾಂವಿ ಪೇಟೆಯ ಓಣಿಯಲ್ಲಿ ಮೂವತ್ತು ವರ್ಷ ಬಾಳಿದ ಗಂಗಾಬಾಯಿಯನ್ನು ಎಬ್ಬಿಸಿಕೊಂಡು ಇಲ್ಲಿಗೆ ಬಂದ. ಬಂದ ದಿನ ಆಕೆ ಬಾಗಿಲಲ್ಲಿ ನಿಂತು, "ಇಲ್ಲಿ ಮಾತಾಡ್ಲಿಕ್ಕೆ ಯಾರಿದ್ದಾರ್ರಿ?" ಎಂದಿದ್ದಳು. ಆಮೇಲಿನ ನಾಲ್ಕು ವರ್ಷ ಗುಡ್ಡದ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಹೂವು ಕೀಳುತ್ತಾ ಕುಸಿದವಳು ಮತ್ತೆ ಏಳಲೇ ಇಲ್ಲ. ಇಷ್ಟವಿಲ್ಲದವಳನ್ನು ಎಳೆದು ತಂದು ಕೊಂದೆನೇ ಎಂಬ ಪ್ರಶ್ನೆ ವರ್ಷದಿಂದ ರಾಘಣ್ಣನ ನಿದ್ದೆ ತಿಂದಿತ್ತು. ಇವತ್ತು ಅವನಿಗೆ ಉತ್ತರ ಬೇಕಾಗಿತ್ತು, ಅದೂ ಕಾಗೆಯಿಂದ.

ಎರಡು ಗಂಟೆಯಾಯಿತು. ಶ್ರಾದ್ಧ ಮಾಡಿಸಲು ಬಂದ ವಿಜಯೀಂದ್ರಾಚಾರ್ಯರು ವಯಸ್ಸಿನಲ್ಲಿ ಚಿಕ್ಕವರು, ಗಡಿಯಾರ ನೋಡುವುದರಲ್ಲಿ ದೊಡ್ಡವರು.

"ರಾಘಣ್ಣಾರ, ಸಂಜೀಕ ನಂದು ಸವಣೂರಾಗ ಒಂದು ಕಾರ್ಯ ಅದ. ಕಾಗಿ ಏನರೆ ಬರೋ ಲಕ್ಷಣ ಅದನೋ ಇಲ್ಲೋ?"

"ನನ್ನ ಕೇಳಿದ್ರ ನಾ ಏನು ಹೇಳ್ಲಿ ಆಚಾರ್ರ, ಅದರ ಫೋನ್ ನಂಬರ್ ನನ್ನ ಹತ್ರ ಇಲ್ಲಲ್ಲ!"

ಅಷ್ಟರಲ್ಲಿ ಬಡಾವಣೆ ಸಂಘದ ಕಾರ್ಯದರ್ಶಿ ಸುದೀಪ ಓಡಿ ಬಂದ. ಗೋಡೆಯ ಮೇಲೆ ಅನ್ನ ಇಟ್ಟದ್ದು ಅವನ ಕಣ್ಣಿಗೆ ಬಿದ್ದಿತ್ತು. "ಅಂಕಲ್, ಹೊರಗ ಅನ್ನ ಇಡಬಾರದು ಅಂತ ರೂಲ್ ಐತ್ರಿ" ಎಂದವನು, ವಿಷಯ ಗೊತ್ತಾದ ಮೇಲೆ ನಾಲಿಗೆ ಕಚ್ಚಿಕೊಂಡ. ನಾಲಿಗೆ ಕಚ್ಚಿಕೊಂಡು ಸುಮ್ಮನೆ ಹೋಗಿದ್ದರೆ ಚೆನ್ನಾಗಿತ್ತು. "ನಾ ಅದೀನಿ, ಚಿಂತಿ ಬಿಡ್ರಿ" ಎಂದು ಮೊಬೈಲಿನಲ್ಲಿ ಕಾಗೆಯ ಕೂಗು ಹುಡುಕಿ, ನೀರು ಬಿಡುವ ಸುದ್ದಿ ಸಾರುವ ಧ್ವನಿವರ್ಧಕಕ್ಕೆ ಅದನ್ನು ಜೋಡಿಸಿದ.

ಇಡೀ ಗುಡ್ಡ ಕಾ ಕಾ ಎಂದಿತು. ನಾಯಿಗಳು ಬೊಗಳಿದವು, ನವಿಲುಗಳು ಎದ್ದು ಹೋದವು, ಜನ ಮಾಳಿಗೆ ಹತ್ತಿದರು. ಏನೋ ಹಂಚುತ್ತಿದ್ದಾರೆಂದು ತಿಳಿದು ಹಿಂದಿನ ಕಾಡಿನಿಂದ ಮಂಗಗಳ ಹಿಂಡು ಇಳಿಯಿತು. ಅವುಗಳಲ್ಲಿ ಹಿರಿಯದೊಂದು ಗೋಡೆ ಏರಿ, ಪಿಂಡವನ್ನು ಎಲೆಸಮೇತ ಎತ್ತಿಕೊಂಡು, ಆಚಾರ್ಯರ ಎದುರಿಗೇ ಕೂತು ಸಾವಕಾಶವಾಗಿ ತಿಂದು ಮುಗಿಸಿತು.

"ಮಂಗ್ಯಾ ನಡೀತದನ್ರಿ ಆಚಾರ್ರ?" ಎದುರು ಮನೆಯ ಮಾಳಿಗೆಯಿಂದ ಶೀಲಾ ಕೇಳಿದಳು.

"ನಡಿಯಂಗಿಲ್ರೀ ತಾಯಿ!" ಆಚಾರ್ಯರ ದನಿ ಹಸಿವಿನಿಂದ ಬಿರುಕು ಬಿಟ್ಟಿತ್ತು.

ಒಳಗೆ ಹೋಗಿ ಮತ್ತೆ ಪಿಂಡ ಕಟ್ಟಿ ತಂದು ರಾಘಣ್ಣ ಗೋಡೆಯ ಮೇಲೆ ಇಟ್ಟ. ಜನ ನಗುತ್ತಿದ್ದರು, ಅವನಿಗೂ ನಗು ಬರುವಂತಿತ್ತು, ಅಳುವೂ ಬರುವಂತಿತ್ತು. ಆಕೆಗೆ ಇಲ್ಲಿಗೆ ಬರಲು ಮನಸ್ಸಿಲ್ಲ ಎಂದುಕೊಂಡ. ಇದ್ದಾಗಲೂ ಇರಲಿಲ್ಲ, ಈಗಲೂ ಇಲ್ಲ.

ಪಕ್ಕದ ಮನೆಯ ಖಲಂದರನಿಗೆ ಇದನ್ನು ನೋಡಲಾಗಲಿಲ್ಲ. ಸರಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದ ಮನುಷ್ಯ. ಎಲ್ಲ ಸಮಸ್ಯೆಗೂ ಗಾಡಿ ತೆಗೆಯುವುದೇ ಅವನ ಪರಿಹಾರ. ಅವನ ಹೆಂಡತಿ ರಮಜಾನಬಿ ಬೆಳಿಗ್ಗೆಯೇ ಸವಣೂರಿನ ಮಗಳ ಮನೆಗೆ ಹೋಗಿದ್ದಳು, ತಡೆಯುವವರು ಯಾರೂ ಇರಲಿಲ್ಲ.

"ರಾಘಣ್ಣಾರ, ಕೆಳಗ ಬಸ್‌ಸ್ಟ್ಯಾಂಡ್ ಹೊಟೇಲಿನ ಮುಂದ ಕಾಗಿ ತುಂಬ್ಯಾವ. ಭಜಿ ಚೂರು ಚೆಲ್ಲಿಕೋತ ಬಂದ್ರ ಬೆನ್ನ ಹತ್ತತಾವ. ಅರ್ಧ ತಾಸು ತಡೀರಿ" ಎಂದು ಸ್ಕೂಟರ್ ಹತ್ತಿದ.

ಅರ್ಧ ತಾಸಿಗೆ ಸರಿಯಾಗಿ ಬಂದ. ಹಿಂದೆ ಐದು ಆಡು, ಮೂರು ನಾಯಿ, ಆಡುಗಳ ಹಿಂದೆ ಬಯ್ಯುತ್ತಾ ಬಂದ ಆಡಿನ ಯಜಮಾನಿ ನಾಗವ್ವ. ಇಷ್ಟೆಲ್ಲ ಮೆರವಣಿಗೆಯ ಮೇಲೆ, ವಿದ್ಯುತ್ ಕಂಬದಿಂದ ಕಂಬಕ್ಕೆ ಹಾರುತ್ತಾ, ಒಂದು ಕಾಗೆ!

ಮಾಳಿಗೆಗಳ ಮೇಲೆ ಚಪ್ಪಾಳೆ ಬಿತ್ತು. ಆಚಾರ್ಯರು ಖಲಂದರನಿಗೆ ಕೈ ಮುಗಿದೇಬಿಟ್ಟರು. ಆದರೆ ದಾರಿಯುದ್ದಕ್ಕೂ ಭಜಿ ತಿಂದು ಬಂದ ಕಾಗೆ ತಂತಿಯ ಮೇಲೆ ಕೂತು, ಪಿಂಡವನ್ನು ಒಮ್ಮೆ ನೋಡಿ, ರೆಕ್ಕೆ ಕೆದರಿಕೊಳ್ಳತೊಡಗಿತು. ಹತ್ತು ನಿಮಿಷವಾಯಿತು, ಇಳಿಯಲಿಲ್ಲ.

"ಬಂದೂ ಮುಟ್ಟವಲ್ದು ಅಂದ್ರ ಏನೋ ಒಂದು ಆಸೆ ಉಳದದ" ಆಚಾರ್ಯರು ತಗ್ಗಿದ ದನಿಯಲ್ಲಿ ಹೇಳಿದರು. "ಅದನ್ನ ನಡಸ್ತೇನಿ ಅಂತ ಬಾಯಿಬಿಟ್ಟು ಮಾತು ಕೊಡ್ರಿ, ರಾಘಣ್ಣಾರ. ಒಮ್ಮೆ ಕೊಟ್ರ ತಪ್ಪಬಾರದು ಮತ್ತ."

ರಾಘಣ್ಣ ಗೋಡೆಯ ಹತ್ತಿರ ಹೋಗಿ ಕೈ ಜೋಡಿಸಿದ. "ಗಂಗಾ, ನಿನ್ನ ತುಳಸಿಗೆ ದಿನಾ ತಪ್ಪದ ನೀರು ಹಾಕ್ತೇನಿ." ಕಾಗೆ ಕದಲಲಿಲ್ಲ.

"ರೇಷ್ಮಿ ಸೀರಿ ಕೇಳಿದ್ರೇನ್ರಿ?" ಶೀಲಾ ನೆನಪಿಸಿದಳು.

"ನಿನ್ನ ಹೆಸರಿಲೆ ಐದು ಮಂದಿ ಮುತ್ತೈದೇರಿಗೆ ಸೀರಿ ಉಡಿ ತುಂಬತೇನಿ." ಇಲ್ಲ.

"ಕಾಶಿಗೆ ಹೋಗ್ತೇನಿ ಅನ್ರಿ ಅಂಕಲ್!" ಎಂದ ಸುದೀಪ. ಕಾಶಿಗೂ ಕಾಗೆ ಒಪ್ಪಲಿಲ್ಲ. ಕತ್ತು ತಿರುಗಿಸಿ ಕೆಳಗಿನ ಊರಿನ ದಿಕ್ಕು ನೋಡಿತು.

ಅದನ್ನು ನೋಡಿದೊಡನೆ ರಾಘಣ್ಣನ ಕಟ್ಟೆ ಒಡೆಯಿತು. ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. "ಗೊತ್ತದ ಗಂಗಾ, ನಿನ್ನ ಮನಸ್ಸಿನಾಗ ಏನಿತ್ತು ನನಗ ಗೊತ್ತದ. ನನ್ನ ಹುಚ್ಚಿಗೆ ನಿನ್ನ ಇಲ್ಲಿ ತಂದು ಒಬ್ಬಾಕಿನ್ನ ಮಾಡಿದೆ. ತಪ್ಪಾತು. ಒಂದು ವಾರದಾಗ ಈ ಮನಿ ಬಿಟ್ಟು ನಿನ್ನ ಓಣಿಗೆ ಹೋಗ್ತೇನಿ. ಮತ್ತ ಈ ಗುಡ್ಡಾ ಹತ್ತಂಗಿಲ್ಲ. ಈಗರೆ ಉಣ್ಣು."

ಕಾಗೆ ಇಳಿಯಿತು. ಗೋಡೆಯ ಮೇಲೆ ಎರಡು ಹೆಜ್ಜೆ ನಡೆದು, ಪಿಂಡಕ್ಕೆ ಕೊಕ್ಕು ಹಾಕಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶೀಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಡಿನ ನಾಗವ್ವ ಕೂಡ ಬೈಗುಳ ನಿಲ್ಲಿಸಿ ಕೈ ಮುಗಿದಳು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು; ಹೆದರಿದ್ದ ಉತ್ತರವೇ ಆದರೂ ರಾಘಣ್ಣನ ಎದೆ ವರ್ಷದ ನಂತರ ಸ್ವಲ್ಪ ಹಗುರಾಯಿತು. ಆಚಾರ್ಯರು ಗಬಗಬ ಉಂಡು ಸವಣೂರಿಗೆ ಹೊರಟರು. ಊಟದ ಎಲೆ ಎತ್ತುವಷ್ಟರಲ್ಲಿ ಸುದೀಪ ಹಳೆಯ ಓಣಿಯಲ್ಲೇ ಬಾಡಿಗೆಗೆ ಒಂದು ಮನೆ ಹುಡುಕಿ, ಸಾಮಾನು ಸಾಗಿಸಲು ಟೆಂಪೋಗೂ ಹೇಳಿಬಿಟ್ಟಿದ್ದ.

ಐದು ಗಂಟೆಯ ಬಸ್ಸಿಗೆ ರಮಜಾನಬಿ ಬಂದಳು. ಗಂಡನಿಂದ ಸುದ್ದಿ ಕೇಳಿದವಳು ಚಪ್ಪಲಿಯನ್ನೂ ಬಿಡದೆ ಗೋಡೆಯ ಹತ್ತಿರ ಬಂದು, "ಏನ್ ಮಾಡಿದ್ರಿ ಅಣ್ಣಾರ ಇದನ್ನ?" ಎಂದು ಅತ್ತೇಬಿಟ್ಟಳು.

"ಯಾಕವ್ವಾ?"

"ದಿನಾ ಮಧ್ಯಾಹ್ನ ನೀವೂ ನಮ್ಮನಿಯವರೂ ಮಲಕೊಂಡ ಮ್ಯಾಲ ಗಂಗಕ್ಕ ನಮ್ಮ ಹಿತ್ತಲ ಕಟ್ಟಿಗೆ ಬಂದು ಕುಂದರ್ತಿದ್ರು. ಆ ಕೆರಿ, ಆ ಗೋವಿನಜೋಳದ ಹೊಲ, ರೋಡಿನ್ಯಾಗ ಹೋಗೋ ಲಾರಿ, ನೋಡಿದ್ದ ನೋಡಿದ್ದು. 'ಮೂವತ್ತು ವರ್ಷ ಎದುರು ಮನಿ ಗ್ವಾಡಿ ನೋಡೇನಿ ರಮಜಾನಬಿ, ಕಣ್ಣು ಇರೋದು ಯಾತಕ್ಕ ಅಂತ ಇಲ್ಲಿ ಬಂದ ಮ್ಯಾಲ ತಿಳೀತು' ಅಂತಿದ್ರು."

ರಾಘಣ್ಣ ಗೋಡೆ ಹಿಡಿದುಕೊಂಡ. "ಮತ್ತ ನನಗ್ಯಾಕ ಹೇಳ್ಲಿಲ್ಲ?"

ರಮಜಾನಬಿ ಕಣ್ಣೀರಿನಲ್ಲೇ ತುಸು ನಕ್ಕಳು. "ಹೇಳಿದ್ರ ನೀವು ಬಿಡ್ತಿದ್ರೇನ್ರಿ? 'ನಾ ಮೊದಲ ಹೇಳಿದ್ದಿಲ್ಲಾ' ಅಂತ ಊರೆಲ್ಲಾ ಸಾರ್ತಾರ, ಅದಕ್ಕ ಹೇಳಂಗಿಲ್ಲ ಅಂತಿದ್ರು." ಅವಳ ದನಿ ಇಳಿಯಿತು. "ಇನ್ನೊಂದು ಮಾತು ಅಂದಿದ್ರು. 'ನಾ ಮುಂದ ಹೋದ್ರ ಇವರು ಬ್ಯಾಸತ್ತು ಕೆಳಗ ಇಳೀತೇನಿ ಅಂತಾರ. ಇಳಿಯಾಕ ಬಿಡಬ್ಯಾಡ. ಇವರು ಇಲ್ಲಿದ್ರ ನಾನೂ ಇಲ್ಲೇ ಇದ್ದಂಗ.'"

ರಾಘಣ್ಣ ಆಚಾರ್ಯರಿಗೆ ಫೋನು ಹಚ್ಚಿದ. ತೊದಲುತ್ತಾ ಎಲ್ಲ ಹೇಳಿ, ಮಾತು ಹಿಂದೆ ತೆಗೆದುಕೊಳ್ಳಲು ಏನಾದರೂ ಪ್ರಾಯಶ್ಚಿತ್ತ ಉಂಟೇ ಎಂದು ಕೇಳಿದ.

"ಕಾಗಿ ಮುಟ್ಟೇದಲ್ರಿ, ರಾಘಣ್ಣಾರ. ನೀವು ಕೊಟ್ಟೀರಿ, ಅವರು ತೊಗೊಂಡಾರ. ಇನ್ನ ನನ್ನ ಕೈಯಾಗ ಏನೂ ಇಲ್ಲ."

ಫೋನು ಕಿಸೆಗೆ ಹಾಕಿಕೊಂಡು ರಾಘಣ್ಣ ಖಲಂದರನ ಹಿತ್ತಲಿಗೆ ನಡೆದ. ಐದು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕೂತಿರಲಿಲ್ಲ. ರಮಜಾನಬಿ ತೋರಿಸಿದ ಜಾಗದಲ್ಲಿ, ಕಟ್ಟೆಯ ಅಂಚಿಗೆ, ಕಾಲು ಇಳಿಬಿಟ್ಟು ಕೂತ. ಕೆಳಗೆ ಕೆರೆಯ ಮೇಲೆ ಬಿಸಿಲು ಕೆಂಪಾಗುತ್ತಿತ್ತು.

"ಒಳಗ ಬರ್ರಿ, ಚಹಾ ಕುಡೀರಿ" ಎಂದು ಖಲಂದರ ಕರೆದ.

"ತಡೀರಿ, ಖಲಂದರ ಸಾಹೇಬ್ರ" ಎಂದ ರಾಘಣ್ಣ, ಕಣ್ಣು ಕೀಳದೆ. "ಒಂದು ವಾರ ಅಂತ ಹೇಳೇನಿ. ಅಕಿ ನಾಲ್ಕು ವರ್ಷ ನೋಡಿದ್ದನ್ನ ಏಳು ದಿನದಾಗ ನೋಡಿ ಮುಗಸಬೇಕು."